ಕಾಲು ನಿಂತರೆ ಖೋಟಾ

ಆ ಮನುಷ್ಯನ ಬಲಗಾಲನ್ನು ಕಟ್ಟಿಹಾಕುವ ಹಗ್ಗ ಇನ್ನೂ ಹುಟ್ಟಿಲ್ಲ ಬಿಡಿ. ಕೂತರೆ ಸಾಕು, ಶುರು. ಹಿಮ್ಮಡಿ ಎತ್ತಿ, ತುದಿಗಾಲನ್ನು ನೆಲಕ್ಕೆ ಊರಿ, ಮಂಡಿಯನ್ನು ಟಕಟಕ ಟಕಟಕ ಅಂತ ಕುಣಿಸುತ್ತಲೇ ಇರಬೇಕು. ಊಟಕ್ಕೆ ಕೂತರೆ ಲೋಟದಲ್ಲಿ ನೀರು ತುಳುಕುತ್ತದೆ. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಮೊದಲು ಇಂಜಿನ್ನಿಗೆ ಬೈಯುತ್ತಾರೆ, ಆಮೇಲೆ ಕೆಳಗೆ ನೋಡಿ ಇವನಿಗೆ ಬೈಯುತ್ತಾರೆ. ಒಂದು ಸಲ ಹಲ್ಲಿನ ಡಾಕ್ಟರು ಇಕ್ಕಳ ಹಿಡಿದುಕೊಂಡು ನಿಂತು, "ಸ್ವಾಮಿ, ನಾನು ಕೀಳಬೇಕಾಗಿರೋದು ಹಲ್ಲೋ ಕಾಲೋ?" ಅಂತ ಕೇಳಿದ್ದರಂತೆ. ಮ್ಯೂಸಿಯಮ್ಮಿನಲ್ಲಿ ಅವನಿಗೆ 'ಹೊಲಿಗೆ ಮಿಷಿನ್' ಅಂತ ಹೆಸರಿಟ್ಟರು. ಅಷ್ಟುದ್ದ ಕರೆಯಲು ಯಾರಿಗೆ ಪುರುಸೊತ್ತು? ಬರೀ 'ಮಿಷಿನ್' ಉಳಿಯಿತು. ನಾವೂ ಹಾಗೇ ಕರೆಯೋಣ. ಅವನು ಬೇಜಾರು ಮಾಡಿಕೊಳ್ಳುವವನಲ್ಲ. ಅದಕ್ಕೂ ಒಂದು ಕಡೆ ಕೂರಬೇಕಲ್ಲ.

ಮಿಷಿನ್ನಿನ ಕೆಲಸ ಹಳೇ ನಾಣ್ಯ ನೋಡುವುದು. ಅದರಲ್ಲೂ ರೋಮನ್ ದೊರೆಗಳ ಚಿನ್ನದ ನಾಣ್ಯ ಅಂದರೆ ಮ್ಯೂಸಿಯಂ ಪೂರ್ತಿ ಇವನ ಕೋಣೆಯ ಕಡೆಗೇ ಕೈ ತೋರಿಸುತ್ತದೆ. ಕೋಣೆಯೋ, ದೇವರಿಗೇ ಪ್ರೀತಿ. ಒಂದು ಕಬ್ಬಿಣದ ಬೀರು, ಒಂದು ಮೇಜು, ಒಂದು ದೀಪ, ತಕ್ಕಡಿ, ಎರಡು ಭೂತಗನ್ನಡಿ, ಹಸಿರು ಬಟ್ಟೆ ಹಾಸಿದ ತಟ್ಟೆ. ಮೇಜಿನ ಮೂಲೆಯಲ್ಲಿ ಒಂದು ಸ್ಟೀಲಿನ ಲೋಟ, ಅದರ ಮೇಲೊಂದು ಸಡಿಲ ಮುಚ್ಚಳ. ಕಾಲು ಕುಣಿಯುತ್ತಿರುವಷ್ಟು ಹೊತ್ತೂ ಆ ಮುಚ್ಚಳ ಕಿಣಿಕಿಣಿ ಅನ್ನುತ್ತಿರುತ್ತದೆ. ಬುಧವಾರ ಮಧ್ಯಾಹ್ನ ಯಾರು ಬೇಕಾದರೂ ತಮ್ಮ ನಾಣ್ಯ ತಂದು ತೋರಿಸಬಹುದು. ಬೆಲೆ ಕೇಳುವಂತಿಲ್ಲ. ಯಾವ ದೊರೆಯದು, ಯಾವ ಕಾಲದ್ದು, ಅಸಲಿಯೋ ಖೋಟಾನೋ, ಇಷ್ಟೇ ಹೇಳುತ್ತಾನೆ.

ಇಷ್ಟೇ ಅಂದೆ, ಆದರೆ ಅದೇನು ಸುಲಭದ ಮಾತಾ? ನಾಣ್ಯದ ಮೇಲೆ ದೊರೆಯ ಮುಖ ಇರುತ್ತದೆ ನಿಜ. ಮುಖ ನೋಡಿ ಹೆಸರು ಹೇಳಲು ಹೊರಟವನು ಕೆಟ್ಟ. ಹಿಂದಿನ ದೊರೆಯ ಹಾಗೇ ಕಾಣಲಿ ಅಂತ ಅಚ್ಚು ಕೊರೆಯುವವರು ಮುಂದಿನವನ ಮೂಗನ್ನೂ ತಿದ್ದಿ ತೀಡಿರುತ್ತಾರೆ. ಸುತ್ತಲೂ ಅಕ್ಷರ ಇರುತ್ತದೆ, ಆದರೆ ಪದಕ್ಕೂ ಪದಕ್ಕೂ ನಡುವೆ ಜಾಗ ಇಲ್ಲ. ಬಿರುದುಗಳನ್ನು ಅರ್ಧಕ್ಕೇ ತುಂಡು ಮಾಡಿರುತ್ತಾರೆ. ಸೀಸರ್ ಅಂತ ಓದಿ ಹಿಗ್ಗುವ ಹಾಗಿಲ್ಲ, ಅದು ಎಲ್ಲರಿಗೂ ಅಂಟಿಸಿದ ಬಿರುದೇ. ಅದರ ಹಿಂದೆ ಮುಂದೆ ಇರುವ ಎರಡಕ್ಷರ ಹಿಡಿದು, ಹಿಂಬದಿಯ ಚಿತ್ರ ನೋಡಿ, ತೂಕ ಹಾಕಿ, ಆಮೇಲೆ ಬಾಯಿ ಬಿಡಬೇಕು. ಇಷ್ಟೆಲ್ಲ ಮಾಡುವಾಗಲೂ ಮಿಷಿನ್ನಿನ ಕಾಲು ತನ್ನ ಪಾಡಿಗೆ ತಾನು ಓಡುತ್ತಿರುತ್ತದೆ.

ಒಂದೇ ಒಂದಕ್ಕೆ ಅದು ನಿಲ್ಲುತ್ತದೆ. ಅಸಲಿ ನಾಣ್ಯ ಬಡಿದು ಮಾಡಿದ್ದು. ಎರಡು ಅಚ್ಚಿನ ನಡುವೆ ಚಿನ್ನದ ಬಿಲ್ಲೆ ಇಟ್ಟು ಸುತ್ತಿಗೆಯಲ್ಲಿ ಹೊಡೆದದ್ದು. ಖೋಟಾ ಹೆಚ್ಚಾಗಿ ಎರಕದ್ದು. ಅಸಲಿಯನ್ನು ಜೇಡಿಮಣ್ಣಿಗೆ ಒತ್ತಿ, ಪಡಿಯಚ್ಚು ತೆಗೆದು, ಚಿನ್ನ ಕರಗಿಸಿ ಸುರಿದದ್ದು. ಒಳ್ಳೇ ಚಿನ್ನದ್ದೇ ಆದರೂ ಅದು ಖೋಟಾನೇ. ಅಂಥದೊಂದು ಎದುರಿಗೆ ಬಂದು, ಇದು ಎರಕ ಅಂತ ಅವನಿಗೆ ಖಚಿತವಾದ ಕ್ಷಣ ಕಾಲು ಗಪ್‌ಚಿಪ್. ಮುಚ್ಚಳದ ಸದ್ದೂ ನಿಲ್ಲುತ್ತದೆ. ಬಾಗಿಲಲ್ಲಿ ಕೂತ ಕಾವಲಿನವನಿಗೆ ಅಷ್ಟು ಸಾಕು. "ಮುಗೀತು, ಅವರದ್ದು ಖೋಟಾ!" ಅಂತ ಹೊರಗೆ ಸಾಲಿನಲ್ಲಿ ನಿಂತವರಿಗೆ ಸಾರಿಬಿಡುತ್ತಾನೆ. ಎಷ್ಟು ಸಲ ಬೈದರೂ ಆ ಬಾಯಿಗೆ ಬೀಗ ಇಲ್ಲ. 'ಕಾಲು ನಿಂತರೆ ಖೋಟಾ' ಅನ್ನುವುದು ಮ್ಯೂಸಿಯಮ್ಮಿನಲ್ಲಿ ಎಲ್ಲರಿಗೂ ಗೊತ್ತಿರುವ ಮಾತಾಯಿತು.

ಮನೆಯಲ್ಲಿ ಮಾತ್ರ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ಮಿಷಿನ್ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದ. ಯಾಕೆ ಅಂದರೆ, ಮನೆಯಲ್ಲಿ ಅದೇ ಕಾಲಿನದು ಬೇರೆಯೇ ಒಂದು ಕಥೆ ಇತ್ತು.

ಅವನ ಹೆಂಡತಿ ಚಿಕ್ಕ ಮಕ್ಕಳ ಶಾಲೆಯಲ್ಲಿ ಟೀಚರು. ಆ ಕಥೆಯನ್ನು ಅವಳಷ್ಟು ಚೆನ್ನಾಗಿ ಹೇಳುವವರು ಯಾರೂ ಇಲ್ಲ. ಮನೆಗೆ ಹೊಸಬರು ಬಂದರೆ ಚಹಾದ ಜೊತೆಗೆ ಅದನ್ನೂ ಕೊಡುತ್ತಾಳೆ. ಇವನು ಆಗಷ್ಟೇ ನಾಣ್ಯದ ಕೋಣೆಗೆ ಸೇರಿದ್ದ. ಬಾಡಿಗೆಗೆ ಕೋಣೆ ಹುಡುಕುತ್ತ ಅವರ ಮನೆಯ ಬಾಗಿಲು ತಟ್ಟಿದ. ಅವಳ ಅಮ್ಮ ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂರಿಸಿ, ಸ್ಟೂಲಿನ ಮೇಲೆ ಚಹಾ ಇಟ್ಟರು. ಇವನ ಕಾಲು ಸ್ಟೂಲಿಗೆ ತಾಗಿ ಕಪ್ಪು ಬಸಿ ಎರಡೂ ಗಿಲಿಗಿಲಿ ಗಿಲಿಗಿಲಿ. ಒಳಗೆ ಅಡುಗೆಮನೆಯಲ್ಲಿ ಅಕ್ಕತಂಗಿಯರಿಬ್ಬರಿಗೂ ನಗು ತಡೆಯಲಾಗಲಿಲ್ಲ. "ಯಾರಪ್ಪಾ ಇವನು, ಮನೆಗೆ ಭೂಕಂಪ ತಂದಿದ್ದಾನೆ" ಅಂತ ನೋಡಲು ತಂಗಿ, ಅಂದರೆ ಇವಳೇ, ಬಾಗಿಲಿಗೆ ಬಂದಳು. "ಬಂದು ನಿಂತೆ ನೋಡಿ, ಕಪ್ಪಿನ ಸದ್ದು ನಿಂತೇಹೋಯ್ತು! ಅಮ್ಮ ಗಾಬರಿಯಾಗಿ ಚಹಾ ಗಂಟಲಿಗೆ ಸಿಕ್ಕಿಕೊಂಡ್ತೋ ಅಂತ ಬೆನ್ನು ತಟ್ಟೋಕೆ ಎದ್ದರು. ಈ ಜನ್ಮದಲ್ಲಿ ಆ ಕಾಲು ನಿಂತಿದ್ದು ಅದೊಂದೇ ಸಲ. ನನ್ನ ನೋಡಿ." ಇಷ್ಟು ಹೇಳಿ ಅವಳು ಇವನ ಮಂಡಿಯ ಮೇಲೆ ಕೈ ಇಡುತ್ತಾಳೆ. ಬಂದವರು ನಗುತ್ತಾರೆ. ಮಿಷಿನ್ನೂ ನಗುತ್ತಾನೆ, ಆದರೆ ನೆಲ ನೋಡಿಕೊಂಡು.

ಅವನಿಗೆ ನೆನಪಿದ್ದದ್ದು ಇನ್ನೊಂದು. ಬಾಗಿಲಿಗೆ ಬಂದ ಹುಡುಗಿಯ ಕೊರಳಲ್ಲಿ ಒಂದು ಚಿನ್ನದ ನಾಣ್ಯ ತೂಗುತ್ತಿತ್ತು. ಅಂಚಿನ ಸುತ್ತ ಚಿನ್ನದ ಕಟ್ಟು ಹಾಕಿಸಿದ ರೋಮನ್ ನಾಣ್ಯ. ಕಾಲು ನಿಂತದ್ದು ನಿಜ, ಸುಳ್ಳಲ್ಲ. ಆದರೆ ಮುಂದಿನ ವರ್ಷಗಳಲ್ಲಿ ಆ ಕಾಲು ಖೋಟಾ ನಾಣ್ಯಕ್ಕಲ್ಲದೆ ಇನ್ಯಾವುದಕ್ಕೂ ನಿಲ್ಲುವುದಿಲ್ಲ ಅಂತ ಅವನಿಗೇ ಅರಿವಾಗುತ್ತ ಬಂತಲ್ಲ, ಆಗ ಹೊಟ್ಟೆಯಲ್ಲಿ ಒಂದು ಹುಳ ಹೊಕ್ಕಿತು. ಅಯ್ಯೋ, ಆವತ್ತು ನಾನು ನೋಡಿದ್ದು ಇವಳನ್ನೋ, ನಾಣ್ಯವನ್ನೋ? ಯೋಚನೆ ಮಾಡಿದಷ್ಟೂ ದೊರೆಯ ತಲೆಗೂದಲು ಮೊಂಡಾಗಿದ್ದ ಹಾಗೆ, ಅಕ್ಷರಗಳು ಸಾಬೂನಿನಂತೆ ನುಣುಪಾಗಿದ್ದ ಹಾಗೆ, ಥೇಟ್ ಎರಕದ ನಾಣ್ಯದ ಹಾಗೆ, ನೆನಪಾಗತೊಡಗಿತು. ನಿಜವಾಗಿ ನೆನಪೋ, ಭಯವೇ ನೆನಪಿನ ವೇಷ ಹಾಕಿಕೊಂಡು ಬಂತೋ, ಯಾರಿಗೆ ಗೊತ್ತು. ಹೆಂಡತಿಯನ್ನು ಕಂಡರೆ ಪ್ರಾಣ. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಮೊದಲ ಕ್ಷಣದ ಬಗ್ಗೆ ಮಾತ್ರ ಅವನಿಗೆ ಧೈರ್ಯ ಇರಲಿಲ್ಲ. ಅವಳು ಸರ ತೆಗೆದು ಸ್ನಾನಕ್ಕೆ ಹೋದರೆ ಇವನು ಎದ್ದು ಇನ್ನೊಂದು ಕೋಣೆಗೆ ಹೋಗುತ್ತಿದ್ದ. ಊರಿನವರ ನಾಣ್ಯವನ್ನೆಲ್ಲ ಭೂತಗನ್ನಡಿ ಹಿಡಿದು ನೋಡುವ ಈ ಮಹಾಶಯ, ಸ್ವಂತ ಹೆಂಡತಿಯ ಕೊರಳಿನ ಕಡೆ ತಿರುಗಿಯೂ ನೋಡದೆ ಸಂಸಾರ ಮಾಡಿದ. ಹೇಳಿದರೆ ಯಾರಾದರೂ ನಂಬುತ್ತಾರಾ?

ನಾಣ್ಯದ ಕಥೆಯನ್ನೂ ಹೇಳಿಬಿಡುತ್ತೇನೆ. ಅವನ ಅತ್ತೆಗೆ ಅವರ ಅಜ್ಜಿಯಿಂದ ಬಂದದ್ದು ಒಂದೇ ನಾಣ್ಯ. ಹೆಣ್ಣುಮಕ್ಕಳು ಇಬ್ಬರು. ಜಗಳ ಯಾಕೆ ಅಂತ ಅವರು ಅಕ್ಕಸಾಲಿಯ ಹತ್ತಿರ ಹೋಗಿ ಅದರದೇ ಎರಕ ಇನ್ನೊಂದು ಮಾಡಿಸಿ, ಎರಡಕ್ಕೂ ಒಂದೇ ಥರ ಕಟ್ಟು ಹಾಕಿಸಿ, ಇಬ್ಬರಿಗೂ ಒಂದೊಂದು ಕೊಟ್ಟರು. ಎರಕದ್ದು ಯಾವುದು ಅಂತ ಬಾಯಿ ಬಿಡಲಿಲ್ಲ. ಕಳೆದ ವರ್ಷ ಅವರು ತೀರಿಕೊಂಡರು. ಗುಟ್ಟೂ ಅವರ ಜೊತೆಗೇ ಹೋಯಿತು.

ಅಕ್ಕ, ಅಂದರೆ ಮಿಷಿನ್ನಿಗೆ ಅತ್ತಿಗೆ, ಲಾಂಡ್ರಿ ನಡೆಸುವ ಹೆಂಗಸು. ಬಟ್ಟೆಯ ಮೇಲಿನ ಕಲೆಯನ್ನು ಹೇಗೆ ಬಿಡುವುದಿಲ್ಲವೋ, ಮನಸ್ಸಿಗೆ ಹತ್ತಿದ್ದನ್ನೂ ಹಾಗೇ ಬಿಡುವವಳಲ್ಲ. ಅಮ್ಮನ ಕೊನೆಯ ವರ್ಷಗಳಲ್ಲಿ ನೋಡಿಕೊಂಡವಳು ಅವಳೇ. ಕಾಯಿಲೆಯ ಹಾಸಿಗೆ ಒಗೆದವಳೂ ಅವಳೇ. ಆದರೂ ಅಮ್ಮನಿಗೆ ತಂಗಿಯ ಮೇಲೇ ಪ್ರೀತಿ ಹೆಚ್ಚು, ಅಸಲಿ ನಾಣ್ಯ ಅವಳಿಗೇ ಕೊಟ್ಟಿರುತ್ತಾಳೆ ಅನ್ನುವ ಸಂಕಟ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು. ಒಂದು ಬುಧವಾರ ಅಂಗಡಿ ಮುಚ್ಚಿ, ಯಾರಿಗೂ ಹೇಳದೆ, ನೇರ ಮ್ಯೂಸಿಯಮ್ಮಿಗೆ ಬಂದು ಸಾಲಿನಲ್ಲಿ ನಿಂತುಬಿಟ್ಟಳು.

ಕಾವಲಿನವನಿಗೆ ಅವಳು ಯಾರು ಅಂತ ಗೊತ್ತಿಲ್ಲ. ಯಾರಾದರೇನು, ಅವನಿಗೆ ಕೇಳುವ ಕಿವಿ ಸಿಕ್ಕರೆ ಸಾಕು.

"ಅಮ್ಮಾ, ಅವರ ಬಾಯಿ ನೋಡಬೇಡಿ, ಕಾಲು ನೋಡಿ. ಕಾಲು ನಿಂತರೆ ಖೋಟಾ. ಇಷ್ಟು ವರ್ಷದಲ್ಲಿ ಒಂದು ಸಲಾನೂ ತಪ್ಪಿಲ್ಲ."

"ಏನಂದೆ?"

"ಅವರ ಕಾಲು ಬೇರೆ ಯಾವುದಕ್ಕೂ ನಿಲ್ಲಲ್ಲಮ್ಮ. ಬೆಂಕಿ ಬಿದ್ದಿದೆ ಅಂದಾಗಲೂ ನಿಂತಿಲ್ಲ. ಖೋಟಾ ಕಾಸಿಗೆ ಮಾತ್ರ."

ಅತ್ತಿಗೆ ಸಾಲಿನಿಂದ ಪಕ್ಕಕ್ಕೆ ಸರಿದಳು. ಅಡುಗೆಮನೆಯಲ್ಲಿ ನಿಂತು ಆ ಕಪ್ಪಿನ ಸದ್ದು ನಿಂತದ್ದನ್ನು ಕಿವಿಯಾರೆ ಕೇಳಿದವಳು ಅವಳೇ ಅಲ್ಲವೇ? ಹಾಗಾದರೆ ತಂಗಿಯ ಕೊರಳಲ್ಲಿ ಇದ್ದದ್ದು? ಹಾಗಾದರೆ ತನ್ನದು? ಅವಳು ನಾಣ್ಯವನ್ನು ಕೈಚೀಲದಿಂದ ಹೊರಗೂ ತೆಗೆಯಲಿಲ್ಲ. ನಿಂತ ಕಾಲಲ್ಲಿ ತಿರುಗಿ ತಂಗಿಯ ಮನೆಗೆ ಹೊರಟಳು.

ಮಿಷಿನ್ ಸಾಯಂಕಾಲ ಮನೆಗೆ ಬಂದಾಗ ಅಕ್ಕತಂಗಿಯರಿಬ್ಬರೂ ಮೇಜಿನ ಎದುರುಬದುರು ಕೂತಿದ್ದರು. ಅತ್ತಿಗೆಯ ಮುಖ ಗೆದ್ದವಳ ಮುಖ ಆಗಬೇಕಿತ್ತು. ಆಗಿರಲಿಲ್ಲ. ಹೆಂಡತಿ ಮಕ್ಕಳ ಚಿತ್ರದ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಳು. ಜೋಡಿಸಿದ್ದನ್ನೇ ಮತ್ತೆ ಮತ್ತೆ ಜೋಡಿಸುತ್ತಿದ್ದಳು.

"ರೀ, ನಿಮ್ಮ ಆಫೀಸಲ್ಲಿ ಕಾಲು ನಿಂತರೆ ಏನರ್ಥ?"

"ಯಾರೋ ತಮಾಷೆಗೆ ಏನೋ..."

"ಅರ್ಥ ಏನು ಅಂತ ಕೇಳಿದೆ."

"ಖೋಟಾ ಅಂತ."

"ಬೇರೆ ಯಾವುದಕ್ಕಾದ್ರೂ ನಿಂತಿದ್ಯಾ? ಯಾವತ್ತಾದ್ರೂ?"

ಇಲ್ಲಿ ಒಂದು ಸುಳ್ಳು ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು? ಆದರೆ ಪುಣ್ಯಾತ್ಮನ ಬಾಯಿಗೆ ಆ ಅಭ್ಯಾಸವೇ ಇಲ್ಲ. "ನನಗೆ ಗೊತ್ತಿದ್ದ ಮಟ್ಟಿಗೆ... ಇಲ್ಲ" ಅಂದ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಅವಳು ಕೊರಳಿನ ಸರ ಬಿಚ್ಚಿ ಮೇಜಿನ ಮೇಲೆ ಇಟ್ಟಳು. ಅಳಲಿಲ್ಲ, ಕಿರುಚಲಿಲ್ಲ. ಅಳುವ ಮಕ್ಕಳನ್ನು ಸಮಾಧಾನ ಮಾಡುವಾಗ ಬರುವ ಆ ತಣ್ಣನೆಯ ದನಿಯಲ್ಲೇ ಹೇಳಿದಳು. "ನಂಗೆ ಚಿನ್ನ ಬೇಡ, ಅಸಲಿಯೂ ಬೇಡ. ಒಂದೇ ಒಂದು ತಿಳೀಬೇಕು. ಇದು ಅಸಲಿ ಆಗಿದ್ರೆ ಆವತ್ತು ಕಾಲು ನಿಂತಿದ್ದು ನಂಗೆ. ಖೋಟಾ ಆಗಿದ್ರೆ ನಿಂತಿದ್ದು ನಾಣ್ಯಕ್ಕೆ. ಇಷ್ಟು ವರ್ಷ ನಾನು ಬಂದವರ ಮುಂದೆಲ್ಲ ಕುಣಿದಿದ್ದು ಸುಮ್ಮನೆ. ನೋಡಿ ಹೇಳಿ."

"ಈಗಲೇ? ಇಲ್ಲಿ ದೀಪ ಸರಿ ಇಲ್ಲ, ತಕ್ಕಡಿ ಇಲ್ಲ..."

"ಮುಂದಿನ ಬುಧವಾರ ನಾನೂ ಬರ್ತೀನಿ. ನನ್ನ ಕಣ್ಣೆದುರಿಗೇ ನೋಡ್ಬೇಕು."

ಅತ್ತಿಗೆ ಚಡಪಡಿಸಿದಳು. "ಅಯ್ಯೋ, ನಾನು ನಾಣ್ಯದ ಮಾತಾಡೋಕೆ ಬಂದಿದ್ದು ಕಣೇ. ಇದೆಲ್ಲ ನನ್ನ ತಲೆಗೆ ಬರಲೇ ಇಲ್ಲ. ಅಮ್ಮ ಸಾಯೋ ಮುಂಚೆ ನನ್ನನ್ನ ಹತ್ರಕ್ಕೆ ಬಗ್ಗಿಸಿಕೊಂಡು ಹೇಳಿದ್ಳು, ಅಸಲಿ ನಿಂಗೇ ಕೊಟ್ಟಿದ್ದೀನಿ, ಅವಳಿಗೆ ಹೇಳ್ಬೇಡ ಅಂತ. ಸಮಾಧಾನಕ್ಕೆ ಹೇಳಿದ್ಳೋ ನಿಜಾನೋ ಅಂತ..."

"ನಂಗೂ ಅದನ್ನೇ ಹೇಳಿದ್ಳು" ಅಂದಳು ತಂಗಿ.

"ಏನಂತ?"

"ಅಸಲಿ ನಿಂಗೇ, ಅಕ್ಕನಿಗೆ ಹೇಳ್ಬೇಡ ಅಂತ."

ಬೇರೆ ದಿನವಾಗಿದ್ದರೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಈವತ್ತು ಅತ್ತಿಗೆ ಮಾತ್ರ ಒಂದು ಸಲ ಹುಂ ಅಂದು ಮೂಗು ಒರೆಸಿಕೊಂಡಳು.

ಆಮೇಲಿನ ದಿನಗಳನ್ನು ಮಿಷಿನ್ ಅಂಡು ಸುಟ್ಟ ಬೆಕ್ಕಿನ ಹಾಗೆ ಕಳೆದ. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಮುಚ್ಚಿದ ನಲ್ಲಿಯನ್ನು ಹೋಗಿ ಮತ್ತೆ ಮುಚ್ಚಿದ. ಬೇಡದ ಅಂಗಡಿಗೆ ಹೋಗಿ ಬೇಡದ ಬಲ್ಬು ತಂದ. ಬಸ್ಸಿನಲ್ಲಿ ತನ್ನ ನಿಲ್ದಾಣ ದಾಟಿ ಹೋಗಿ, ಇಳಿದು, ಎದುರಿನ ಬಸ್ಸು ಹತ್ತಿ, ಮತ್ತೆ ದಾಟಿ ಹೋದ. ಹಾಸಿಗೆಯಲ್ಲಿ ಕಾಲು ಕುಣಿದು ಕುಣಿದು ಹೊದಿಕೆ ಕೆಳಗೆ ಬೀಳುತ್ತಿತ್ತು. ಮೊದಲಾಗಿದ್ದರೆ "ರೀ, ಕಾಲು!" ಅಂತ ಅವಳ ಬೈಗುಳ, ಅದರ ಹಿಂದೆಯೇ ಮಂಡಿಯ ಮೇಲೆ ಅವಳ ಕೈ. ಈಗ ಬೈಗುಳವೂ ಇಲ್ಲ, ಕೈಯೂ ಇಲ್ಲ. ಊಟಕ್ಕೆ ಬಡಿಸುತ್ತಾಳೆ, ಶಾಲೆಯ ವಿಷಯ ಹೇಳುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಕಾಲಿನ ತಂಟೆಗೆ ಮಾತ್ರ ಬರುವುದಿಲ್ಲ. ಅವಳು ಬೈದಿದ್ದರೆ ಸಾಕಿತ್ತು, ಒಂದು ಏಟು ಹಾಕಿದ್ದರೂ ಆಗುತ್ತಿತ್ತು ಅನ್ನಿಸಿತು ಅವನಿಗೆ. ಬರಿದಾದ ಅವಳ ಕೊರಳಿನಲ್ಲಿ ಸರ ಉಜ್ಜಿದ್ದ ಕಡೆ ಚರ್ಮ ಸ್ವಲ್ಪ ಬೆಳ್ಳಗಿತ್ತು. ಇಷ್ಟು ವರ್ಷ ನೋಡದಿದ್ದ ಆ ಕೊರಳನ್ನು ಈಗ ಕದ್ದು ಕದ್ದು ನೋಡಿದ.

ಸುಳ್ಳು ಹೇಳುವ ಯೋಚನೆ ಬರಲಿಲ್ಲ ಅಂತಲ್ಲ. 'ಅಸಲಿ' ಅನ್ನುವ ಮೂರಕ್ಷರ ಅಂದುಬಿಟ್ಟರೆ ಮುಗಿಯಿತಲ್ಲ? ಬಚ್ಚಲಲ್ಲಿ ನಿಂತು ಆ ಮಾತನ್ನು ಹೇಳಿ ಹೇಳಿ ನೋಡಿದ. ಆದರೆ ಅವಳು ಇವನ ಬಾಯಿ ನೋಡಲು ಬರುತ್ತಿಲ್ಲ, ಕಾಲು ನೋಡಲು ಬರುತ್ತಿದ್ದಾಳೆ. ದಿನವಿಡೀ ಚಡಪಡಿಸುವ ಮಕ್ಕಳ ಕಾಲುಗಳನ್ನೇ ನೋಡುವ ಟೀಚರಿಗೆ ಮೋಸ ಮಾಡುವುದುಂಟೇ?

ಬುಧವಾರ ಬಂತು. ಸಾಲಿನಲ್ಲಿ ನಿಂತವರನ್ನೆಲ್ಲ ಮುಗಿಸಿದ ಮೇಲೆ ಅಕ್ಕತಂಗಿಯರು ಒಳಗೆ ಬಂದರು. ಕಾವಲಿನವನಿಗೆ ಈಗ ಎಲ್ಲ ಗೊತ್ತಾಗಿತ್ತು. ಬೆಕ್ಕಿನ ಹಾಗೆ ಬಾಗಿಲ ಹೊರಗೆ ಮುದುಡಿ ಕೂತ. ಅತ್ತಿಗೆ ಕೈಚೀಲವನ್ನು ಎದೆಗವಚಿಕೊಂಡು ಮೇಜಿನ ಎದುರು ಕೂತಳು. ಹೆಂಡತಿ ಕುರ್ಚಿಯನ್ನು ಎಳೆದುಕೊಂಡು ಮೇಜಿನ ಪಕ್ಕಕ್ಕೆ, ಬಲಗಾಲು ಕಾಣುವ ಹಾಗೆ ಕೂತಳು. ಕೈ ಮಡಿಲಲ್ಲಿ, ಕಣ್ಣು ಅವನ ಪಾದದ ಮೇಲೆ.

ಲೋಟದ ಮುಚ್ಚಳ ಎಂದಿಗಿಂತ ಜೋರಾಗಿ ಕಿಣಿಗುಟ್ಟುತ್ತಿತ್ತು.

ಮೊದಲು ಅತ್ತಿಗೆಯದು. ದೀಪ ಬಗ್ಗಿಸಿ, ಭೂತಗನ್ನಡಿ ಕಣ್ಣಿಗೆ ಇಟ್ಟುಕೊಂಡ. ದೊರೆ ಬಲಕ್ಕೆ ಮುಖ ಮಾಡಿದ್ದಾನೆ, ತಲೆಗೆ ಎಲೆಗಳ ಕಿರೀಟ, ಚೂಪು ಮೂಗು. ಅಕ್ಷರ ಓದಿಕೊಂಡ. 'ಟಿ' ಅಂತ ಮೊದಲು, ಆಮೇಲೆ ಸೀಸರ್. ಹಿಂದುಗಡೆ ಕುರ್ಚಿಯ ಮೇಲೆ ಕೂತ ಹೆಂಗಸು, ಒಂದು ಕೈಯಲ್ಲಿ ಉದ್ದನೆಯ ಕೋಲು, ಇನ್ನೊಂದರಲ್ಲಿ ಎಲೆಯ ರೆಂಬೆ. "ಟೈಬೀರಿಯಸ್" ಅಂದ. "ಈ ಥರದ್ದು ಎಷ್ಟೋ ನೋಡಿದ್ದೀನಿ."

"ಅವನ ಹೆಸರು ಕಟ್ಟಿಕೊಂಡು ನಂಗೇನಾಗ್ಬೇಕು" ಅಂದಳು ಅತ್ತಿಗೆ.

ದೊರೆಯ ಗಲ್ಲದ ಕೆಳಗೆ, ಕೊರಳಿನ ಮೇಲೆ, ಒಂದು ಸಣ್ಣ ಗೀರು ಇತ್ತು. ಬಾಗಿದ ಕೂದಲಿನ ಥರದ್ದು. ಯಾವ ಕಾಲದಲ್ಲೋ ಯಾವುದಕ್ಕೋ ತಾಗಿ ಬಿದ್ದದ್ದು. ಕಾಲು ಓಡುತ್ತಲೇ ಇತ್ತು. ಆ ನಾಣ್ಯ ಪಕ್ಕಕ್ಕೆ ಇಟ್ಟು ಹೆಂಡತಿಯದನ್ನು ಎತ್ತಿಕೊಂಡ. ಕೈಯನ್ನು ಅಂಗಿಗೆ ಒರೆಸಿಕೊಂಡ.

ಅದೇ ದೊರೆ, ಅದೇ ಹೆಂಗಸು. ಕೂದಲು ಎಳೆ ಎಳೆಯಾಗಿ ಬಿಡಿಸಿದ ಹಾಗಿದೆ. ಮೊಂಡಾಗಿಲ್ಲ. ಅಕ್ಷರ ಚೂಪಾಗಿದೆ. ಸಾಬೂನೂ ಇಲ್ಲ, ಗೀಬೂನೂ ಇಲ್ಲ. ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ನೋಡಿದ. ದೀಪ ಆ ಕಡೆ ತಿರುಗಿಸಿ ನೋಡಿದ, ಈ ಕಡೆ ತಿರುಗಿಸಿ ನೋಡಿದ. ದೊಡ್ಡ ಭೂತಗನ್ನಡಿ ಬಿಟ್ಟು ಚಿಕ್ಕದು ಹಿಡಿದ. ಎಲ್ಲೂ ಒಂದು ಸಂಶಯ ಸಿಗಲಿಲ್ಲ. ಕಾಲು ಓಡುತ್ತಲೇ ಇತ್ತು, ಮುಚ್ಚಳ ಕಿಣಿಗುಡುತ್ತಲೇ ಇತ್ತು. ಅವನ ಎದೆ ಹಗುರವಾಗತೊಡಗಿತು. ಹೆಂಡತಿ ಉಸಿರು ಬಿಟ್ಟದ್ದು ಕೇಳಿಸಿತು.

ಆಗ ಗಲ್ಲದ ಕೆಳಗಿನ ಗೀರು ಕಂಡಿತು. ಅದೇ ಜಾಗ, ಅದೇ ಬಾಗು.

ಒಂದೇ ಅಚ್ಚಿನಲ್ಲಿ ಬಡಿದ ಎರಡು ನಾಣ್ಯಕ್ಕೆ ಮುಖ ಒಂದೇ ಇರಬಹುದು, ಆದರೆ ಆಮೇಲೆ ಬಿದ್ದ ಗೀರು ಒಂದೇ ಇರಲು ಸಾಧ್ಯವೇ ಇಲ್ಲ. ಒಂದು ಇನ್ನೊಂದರ ಎರಕ. ಅತ್ತೆ ಮಾಡಿಸಿದ್ದೂ ಅದನ್ನೇ. ಆದರೆ ಯಾವುದರಿಂದ ಯಾವುದು? ಮುಖ ನೋಡಿ ಹೇಳಲು ಆಗಲಿಲ್ಲ. ಆ ಅಕ್ಕಸಾಲಿ ಯಾರೋ ಏನೋ, ಅವನ ಕೈಗೆ ಮಿಷಿನ್ ಮನಸ್ಸಿನಲ್ಲೇ ನಮಸ್ಕಾರ ಹಾಕಿದ. ಹಾಕುತ್ತ ಬೈದ.

"ಕಟ್ಟು ಬಿಚ್ಚಬೇಕು. ಅಂಚು ಕಾಣ್ತಿಲ್ಲ" ಅಂದ.

"ಬಿಚ್ಚಿ" ಅಂದಳು ಹೆಂಡತಿ, ಪಾದದಿಂದ ಕಣ್ಣು ತೆಗೆಯದೆ.

ಚಿಮಟದಿಂದ ಕಟ್ಟಿನ ಕಚ್ಚುಗಳನ್ನು ಒಂದೊಂದಾಗಿ ಎಬ್ಬಿಸಿ ಅತ್ತಿಗೆಯ ನಾಣ್ಯವನ್ನು ಹೊರಗೆ ತೆಗೆದ. ಅಂಚು ಒರಟು. ಸುತ್ತಿಗೆಯ ಏಟಿಗೆ ಚಿನ್ನ ಹಿಗ್ಗಿ ಅಲ್ಲಲ್ಲಿ ಸಣ್ಣಗೆ ಬಿರಿದದ್ದು ಕಂಡಿತು. ತಕ್ಕಡಿಗೆ ಹಾಕಿದ, ತೂಕ ಸರಿಯಾಗಿತ್ತು. ಕಾಲು ಓಡುತ್ತಿತ್ತು. ಲೆಕ್ಕ ಹಾಕಿದ ತಲೆಗೆ ಅಲ್ಲಿಗೇ ಗೊತ್ತಾಗಿಹೋಯಿತು ಅನ್ನಿ, ಕಾಲಿಗೆ ಮಾತ್ರ ಎರಕವನ್ನು ಕಣ್ಣಾರೆ ಕಾಣಬೇಕು. ಆದರೂ ಹೆಂಡತಿಯದರ ಕಟ್ಟನ್ನು ಬಿಚ್ಚಲೇಬೇಕಲ್ಲ. ಒಂದು ಕಚ್ಚು, ಇನ್ನೊಂದು ಕಚ್ಚು. ನಾಣ್ಯ ಅಂಗೈಗೆ ಬಿತ್ತು. ಅಂಚನ್ನು ದೀಪಕ್ಕೆ ಹಿಡಿದು ನಿಧಾನವಾಗಿ ತಿರುಗಿಸಿದ. ನಟ್ಟನಡುವೆ ಒಂದು ಗೆರೆ, ಪಡಿಯಚ್ಚಿನ ಎರಡು ಹೋಳು ಕೂಡಿದ ಜಾಗ, ಅರದಿಂದ ಉಜ್ಜಿ ಉಜ್ಜಿ ಮರೆಸಿದ್ದು. ಸುತ್ತಲೂ ಇತ್ತು.

ಮುಚ್ಚಳದ ಸದ್ದು ನಿಂತಿತು.

ಅಲ್ಲಾಡು ಅಂತ ಅವನು ಕಾಲಿಗೆ ಬೈದ. ಈ ಒಂದು ಸಲ ಅಲ್ಲಾಡು, ದರಿದ್ರದ್ದೇ. ಅದು ಕಲ್ಲಿನ ಹಾಗೆ ಕೂತಿತ್ತು. ತಲೆ ಎತ್ತಲು ಅವನಿಗೆ ಧೈರ್ಯ ಬರಲಿಲ್ಲ.

"ಅತ್ತಿಗೆ, ನಿಮ್ಮದು ಅಸಲಿ" ಅಂದ. ದನಿ ಅವನಿಗೇ ಕೇಳಿಸದಷ್ಟು ಸಣ್ಣದಾಗಿತ್ತು. "ಇವಳದ್ದು... ನಿಮ್ಮದರಿಂದ ತೆಗೆದ ಎರಕ."

ಅತ್ತಿಗೆ ಬಾಯಿಗೆ ಕೈ ಅಡ್ಡ ಹಿಡಿದಳು. ಅಮ್ಮ ತನಗೆ ಹೇಳಿದ್ದು ನಿಜ ಅಂತ ಗೊತ್ತಾದ ಸಂತೋಷಕ್ಕೆ ಕಣ್ಣು ತುಂಬಿಬಂತು. ತಂಗಿಯ ಮುಖ ನೋಡಿ ಆ ಸಂತೋಷವನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯದೆ ನಾಣ್ಯವನ್ನು ಅವಳ ಕಡೆ ತಳ್ಳಿದಳು. "ತಗೋ, ಬೇಡ ನಂಗೆ. ಹಾಳಾದ ನಾಣ್ಯ. ತಗೋ ಅಂದ್ರೆ."

ತಂಗಿ ಅದನ್ನು ನೋಡಲೂ ಇಲ್ಲ. ಅವಳು ಇನ್ನೂ ಗಂಡನ ಪಾದವನ್ನೇ ನೋಡುತ್ತಿದ್ದಳು. ಹುಬ್ಬು ಗಂಟಿಕ್ಕಿತ್ತು. ಮಗ್ಗಿ ತಪ್ಪಿದ ಮಗು ಮತ್ತೆ ಮೊದಲಿನಿಂದ ಹೇಳಿಕೊಳ್ಳುವಾಗ ಟೀಚರು ಕೇಳುವ ಹಾಗೆ, ಮನಸ್ಸಿನಲ್ಲಿ ಏನನ್ನೋ ಒಂದೊಂದಾಗಿ ಕೂಡಿಸುತ್ತಿದ್ದಳು.

"ರೀ, ಇದರ ಮುಖ ನೋಡಿದಾಗ ಕಾಲು ನಿಲ್ಲಲಿಲ್ಲ."

ಮಿಷಿನ್ ತಲೆ ಎತ್ತಿದ. "ಏನು?"

"ಮುಖ ನೋಡಿದ್ರಿ. ಎಷ್ಟು ಹೊತ್ತು ನೋಡಿದ್ರಿ! ಭೂತಗನ್ನಡಿ ಹಿಡ್ಕೊಂಡು, ದೀಪ ಹಾಕ್ಕೊಂಡು, ಮೂಗು ತಾಗಿಸಿಕೊಂಡು. ನಾನು ಕಣ್ಣು ಮಿಟುಕಿಸದೆ ನೋಡ್ತಾ ಇದ್ದೆ. ಕಾಲು ನಿಲ್ಲಲಿಲ್ಲ. ಕಟ್ಟು ಬಿಚ್ಚಿ ಅಂಚು ನೋಡಿದ ಮೇಲೆ ನಿಂತಿತು."

"ಹೌದು. ಮುಖದಲ್ಲಿ ಏನೂ ಗೊತ್ತಾಗಲ್ಲ. ಅಷ್ಟು ಚೆನ್ನಾಗಿ ಮಾಡಿದ್ದಾನೆ. ಅಂಚು ನೋಡದೆ ಯಾರಿಗೂ..." ಅಷ್ಟಕ್ಕೇ ಅವನ ಮಾತು ನಿಂತಿತು.

"ಆವತ್ತು ಕಟ್ಟು ಬಿಚ್ಚಿತ್ತಾ?"

ಅವನು ತಟ್ಟೆಯಲ್ಲಿ ಬಿಚ್ಚಿಟ್ಟ ಕಟ್ಟಿನ ಕಡೆ ನೋಡಿದ.

"ನಾನು ಬಾಗಿಲಲ್ಲಿ ನಿಂತಿದ್ದೆ, ನೀವು ಕಿಟಕಿ ಹತ್ರ ಕೂತಿದ್ರಿ. ಕೈಯಲ್ಲಿ ಭೂತಗನ್ನಡಿ ಇತ್ತಾ? ಕೆಲಸಕ್ಕೆ ಸೇರಿ ಇನ್ನೂ ನಾಲ್ಕು ದಿನ ಆಗಿರಲಿಲ್ಲ. ಇಷ್ಟು ವರ್ಷ ಪಳಗಿದ ಕಣ್ಣಿಗೇ ಈವತ್ತು ಮುಖದಲ್ಲಿ ಸಿಗದೇ ಇದ್ದಿದ್ದು ಆವತ್ತು ಅಷ್ಟು ದೂರದಿಂದ ಸಿಕ್ತಾ?" ಅವಳ ತುಟಿಯ ಮೂಲೆಯಲ್ಲಿ ನಗು ಏಳುತ್ತಿತ್ತು. "ಹೇಳ್ರೀ. ಕಾಲು ಯಾವುದಕ್ಕೆ ನಿಂತಿತು?"

"ಅಯ್ಯೋ ನಿನ್ನ!" ಅಂತ ಅತ್ತಿಗೆ ಹಣೆ ಬಡಿದುಕೊಂಡಳು. "ಹೌದಲ್ಲವೇ!"

ಮಿಷಿನ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅಷ್ಟು ವರ್ಷ ಹೊಟ್ಟೆಯಲ್ಲಿ ಸಾಕಿಕೊಂಡ ಹುಳ, ಬಂದವರ ಮುಂದೆ ನೆಲ ನೋಡಿಕೊಂಡು ನಕ್ಕ ನಗು, ಹೆಂಡತಿಯ ಕೊರಳಿಗೆ ಹೆದರಿ ಇನ್ನೊಂದು ಕೋಣೆಗೆ ಓಡಿದ್ದು, ಎಲ್ಲ ಒಟ್ಟಿಗೆ ನೆನಪಾಗಿ ಅವನಿಗೆ ಅಳು ಬಂತು. ಅಳುತ್ತಲೇ ನಕ್ಕ. ಒಂದು ಸಲ ಭೂತಗನ್ನಡಿ ಹಿಡಿದು ಅದರ ಮುಖ ನೋಡಿದ್ದರೆ ಸಾಕಿತ್ತಲ್ಲೋ ಮಂಕೇ, ಅಂತ ತನಗೆ ತಾನೇ ಹೇಳಿಕೊಂಡ.

"ನಂಗೆ ಗೊತ್ತಿರಲಿಲ್ಲ ಕಣೇ. ದೇವರಾಣೆ, ನಂಗೇ ಗೊತ್ತಿರಲಿಲ್ಲ" ಅಂದ.

"ಗೊತ್ತಾಯ್ತಲ್ಲ, ಸಾಕು. ಅಕ್ಕಾ, ನಿನ್ನದು ನೀನು ಎತ್ತಿಟ್ಟುಕೋ. ಅಮ್ಮ ಯೋಚನೆ ಮಾಡಿಯೇ ಕೊಟ್ಟಿದ್ದಾಳೆ. ರೀ, ನಂದಕ್ಕೆ ಕಟ್ಟು ಸರಿಯಾಗಿ ಕೂರಿಸಿ ಕೊಡಿ, ಕೊರಳು ಬಿಕೋ ಅಂತಿದೆ."

ಅವನು ಕಚ್ಚುಗಳನ್ನು ಒಂದೊಂದಾಗಿ ಒತ್ತಿ ಕೂರಿಸಿ, ಎದ್ದು ಹೋಗಿ, ಸರವನ್ನು ತಾನೇ ಅವಳ ಕೊರಳಿಗೆ ಹಾಕಿದ. ಕೊಂಡಿ ಸಿಕ್ಕಿಸಲು ಬಹಳ ಹೊತ್ತು ಹಿಡಿಯಿತು. ಮತ್ತೆ ಬಂದು ಕುರ್ಚಿಯಲ್ಲಿ ಕೂತು ಅವಳನ್ನು ನೋಡುತ್ತ ಉಳಿದ. ಅತ್ತಿಗೆ ಮೂಗು ಒರೆಸಿಕೊಳ್ಳುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಹೊರಗೆ ಕೂತ ಕಾವಲಿನವನಿಗೆ ಎಷ್ಟು ಹೊತ್ತಂತ ತಡೆದುಕೊಳ್ಳಲಾಗುತ್ತದೆ? ಬಾಗಿಲು ಸ್ವಲ್ಪ ತೆರೆದು ತಲೆ ತೂರಿಸಿದ. ಮೊದಲು ಮೇಜಿನ ಕೆಳಗೆ ನೋಡಿದ, ಆಮೇಲೆ ಲೋಟದ ಮುಚ್ಚಳ ನೋಡಿದ.

"ಏನ್ ಸಾರ್, ಸದ್ದೇ ಇಲ್ಲ? ಕಾಲು ನಿಂತುಬಿಟ್ಟಿದೆ. ಯಾವುದು ಖೋಟಾ?"

"ಬಾಗಿಲು ಹಾಕ್ಕೊಳ್ಳಪ್ಪ" ಅಂದಳು ಹೆಂಡತಿ. "ಅವರೀಗ ನಾಣ್ಯ ನೋಡ್ತಾ ಇಲ್ಲ."